ತಾಗಬಹುದು, ತಳ್ಳಬಹುದು, ಐದು ಎಣಿಸುವುದರೊಳಗೆ ಬಿಡಬೇಕು

ಕಾರವಾರದಲ್ಲಿ ವೆಕ್ಸ್ ವಿ5 ಎಂಬ, ಮಕ್ಕಳೇ ಕಟ್ಟಿ ನಡೆಸುವ ರೋಬೋಟ್‌ಗಳ ಪಂದ್ಯಕ್ಕೆ ಮಕ್ಕಳನ್ನು ತಯಾರು ಮಾಡುವ ನನ್ನ ಬಳಿ ಪೋಷಕರು ಮೊದಲು ಕೇಳುವ ಪ್ರಶ್ನೆ ಇದು: "ಟೀಚರ್, ಎದುರಿನವರು ನಮ್ಮ ರೋಬೋಟಿಗೆ ಗುದ್ದಿದರೆ ಫೌಲ್ ಅಲ್ಲವೇ?" ಗುದ್ದಿದ ಮಾತ್ರಕ್ಕೆ ಅಲ್ಲ. ಹನ್ನೆರಡು ಅಡಿ ಚೌಕದ ಅಂಕಣದಲ್ಲಿ ನಾಲ್ಕು ರೋಬೋಟ್‌ಗಳು ಓಡುವಾಗ ತಾಗಿಯೇ ತಾಗುತ್ತವೆ. ಅಡ್ಡ ನಿಂತು ತಡೆಯುವುದೂ ಆಟವೇ. ಎದುರಾಳಿಗೆ ತಪ್ಪಿಸಿಕೊಳ್ಳುವ ದಾರಿ ಇಲ್ಲದಂತೆ ಮಾಡಿದಾಗ ಮಾತ್ರ ತೀರ್ಪುಗಾರರು ಎಣಿಸತೊಡಗುತ್ತಾರೆ.

ಅಂಕಣದ ಗೋಡೆಗೋ ಇನ್ನೊಂದು ರೋಬೋಟಿಗೋ ಒತ್ತಿ ಅಲುಗಾಡದಂತೆ ಮಾಡುವುದು ಒಂದು ಬಗೆ. ಅಂಕಣದ ನೆಲಕ್ಕೆ ಹಾಸುವ ಒಂದು ಫೋಮ್ ಹಾಸಿನಷ್ಟು, ಅಂದರೆ ಸುಮಾರು ಎರಡು ಅಡಿ ಚೌಕದ ಮೂಲೆಯಲ್ಲಿ ಕೂಡಿಹಾಕುವುದು ಇನ್ನೊಂದು. ಎತ್ತಿ ಹಿಡಿದರೂ ಅದೇ ಲೆಕ್ಕ. ಯಾವುದನ್ನೂ ಐದು ಎಣಿಕೆ ಮೀರಿ ಮಾಡುವಂತಿಲ್ಲ. ಬಿಟ್ಟ ಮೇಲೆ ಎರಡು ಅಡಿಯಾದರೂ ಹಿಂದೆ ಸರಿಯಬೇಕು. ಅದೇ ರೋಬೋಟನ್ನು ಕೂಡಲೇ ಮತ್ತೆ ಹಿಡಿಯಬಾರದು, ಇನ್ನೊಂದು ಐದು ಎಣಿಕೆ ಕಳೆಯಬೇಕು. ಮೂಲೆಯಲ್ಲಿರುವ ರೋಬೋಟ್ ಹೊರಬರಲು ಯತ್ನಿಸದೆ ಸುಮ್ಮನೆ ನಿಂತಿದ್ದರೆ ಕೂಡಿಹಾಕಿದಂತಾಗುವುದಿಲ್ಲ. ಆದ್ದರಿಂದ ಸಿಕ್ಕಿಬಿದ್ದ ಮಕ್ಕಳಿಗೆ ನನ್ನ ಮೊದಲ ಮಾತು: ಜಾಯ್‌ಸ್ಟಿಕ್ ಬಿಡಬೇಡಿ, ಹೊರಬರಲು ಒದ್ದಾಡುವುದು ಕಾಣಬೇಕು.

ಇದನ್ನು ಬಾಯಿಪಾಠ ಮಾಡಿಸಿದರೆ ಪ್ರಯೋಜನವಿಲ್ಲ, ಕೈಗೆ ಬರಬೇಕು. ಜಗುಲಿಯ ಮೂಲೆಯಲ್ಲಿ ಸೀಮೆಸುಣ್ಣದಿಂದ ಎರಡು ಅಡಿಯ ಚೌಕ, ಅದರಿಂದ ಎರಡು ಅಡಿ ಆಚೆ ಇನ್ನೊಂದು ಗೆರೆ ಬರೆಯಿರಿ. ಒಬ್ಬರ ರೋಬೋಟ್ ಒಳಗೆ ಸಿಕ್ಕಿಕೊಳ್ಳಲಿ, ಇನ್ನೊಬ್ಬರದು ತಡೆಯಲಿ, ಮೂರನೆಯವರು ಗಟ್ಟಿಯಾಗಿ ಎಣಿಸಲಿ. "ಮೂರು" ಎನ್ನುತ್ತಿದ್ದಂತೆ ತಡೆಯುವವರ ಹೆಬ್ಬೆರಳು ಜಾಯ್‌ಸ್ಟಿಕ್ಕನ್ನು ಹಿಂದಕ್ಕೆ ಎಳೆದಿರಬೇಕು. ನಾಲ್ಕಕ್ಕೆ ಹೊರಟರೆ ಚಕ್ರ ಸರಿಯುವಷ್ಟರಲ್ಲಿ ಐದು ದಾಟಿರುತ್ತದೆ. ಹಿಂದೆ ಬಂದ ರೋಬೋಟ್ ಆಚೆಯ ಗೆರೆ ದಾಟಿತೇ ಎಂದು ಬಗ್ಗಿ ನೋಡಿ. ಹೆಚ್ಚಿನ ಮಕ್ಕಳು ಅರ್ಧ ಅಡಿಗೇ ನಿಲ್ಲಿಸುತ್ತಾರೆ. ಅಷ್ಟಕ್ಕೆ ಹಿಡಿತ ಬಿಟ್ಟಂತಾಗುವುದಿಲ್ಲ, ಎಣಿಕೆ ಮುಂದುವರಿಯುತ್ತದೆ. ಬಹಳ ಹೊತ್ತು ತಳ್ಳುವುದರಿಂದ ನಮಗೂ ನಷ್ಟವಿದೆ: ಕಾದ ವಿ5 ಮೋಟರ್ ತಾನಾಗಿಯೇ ಶಕ್ತಿ ತಗ್ಗಿಸಿಕೊಳ್ಳುತ್ತದೆ, ಮೇ ತಿಂಗಳ ಸೆಕೆಯಲ್ಲಿ ಇನ್ನೂ ಬೇಗ.

ರೋಬೋಟ್ ಕಟ್ಟುವಾಗಲೇ ಕೆಲವು ಜಗಳಗಳನ್ನು ತಪ್ಪಿಸಬಹುದು. ಹೊರಚಾಚಿದ ಕೊಕ್ಕೆ, ಜೋತುಬಿದ್ದ ವೈರ್, ಚೂಪು ಅಂಚು ಬೇಡವೇ ಬೇಡ. ಎದುರಾಳಿಗೆ ಸಿಕ್ಕಿಹಾಕಿಕೊಂಡರೆ ಬೇಕೆಂದೇ ಮಾಡಿದಿರೋ ಎಂಬ ಪ್ರಶ್ನೆ ಏಳುತ್ತದೆ. ತಳ್ಳುವ ಭಾಗ ನೆಲಕ್ಕೆ ಹತ್ತಿರವಿರಲಿ. ಎತ್ತರದಲ್ಲಿ ತಳ್ಳಿದರೆ ಎದುರಿನ ರೋಬೋಟ್ ಮಗುಚುತ್ತದೆ, ಬೇಕೆಂದು ಮಗುಚುವುದು ದೊಡ್ಡ ತಪ್ಪು. ಹಾನಿಯಾದ ಡಿಕ್ಕಿಯಲ್ಲಿ ತಪ್ಪು ಯಾರದೆಂದು ಸ್ಪಷ್ಟವಾಗದಿದ್ದರೆ ಅನುಮಾನದ ಲಾಭ ಅಂಕ ಗಳಿಸಲು ಹೊರಟವರಿಗೆ, ತಡೆಯಲು ಬಂದವರಿಗಲ್ಲ. ನನಗೆ ಇದು ನ್ಯಾಯವೆನಿಸುತ್ತದೆ. ಎದುರಾಳಿಯನ್ನು ಬಲವಂತವಾಗಿ ತಪ್ಪಿಗೆ ನೂಕಿ ದಂಡ ಕೊಡಿಸುವುದಕ್ಕೂ ಅವಕಾಶವಿಲ್ಲ. ನಮ್ಮ ಕಡಲ ಗಾಳಿಗೆ ಉಕ್ಕಿನ ಸ್ಕ್ರೂಗಳು ಬೇಗ ತುಕ್ಕು ಹಿಡಿಯುತ್ತವೆ, ಗುದ್ದಿದಾಗ ಮೊದಲು ಕಳಚುವುದು ಅವೇ. ಪಂದ್ಯದ ಹಿಂದಿನ ರಾತ್ರಿ ಒಂದೊಂದನ್ನೂ ತಿರುಗಿಸಿ ನೋಡಿ. ಸಾಧಾರಣ ಡಿಕ್ಕಿಯನ್ನು ತಾಳಿಕೊಳ್ಳುವಂತೆ ಕಟ್ಟುವುದು ನಿಮ್ಮದೇ ಹೊಣೆ.

ಬೇರೆ ಸ್ಪರ್ಧೆಗಳಲ್ಲಿ ಎಣಿಕೆಯೂ ಅಂತರವೂ ಬೇರೆ. ವೆಕ್ಸ್‌ನಲ್ಲಿಯೂ ಪ್ರತಿ ಋತುವಿಗೆ ಹೊಸ ಕೈಪಿಡಿ ಬರುತ್ತದೆ, ತಿದ್ದುಪಡಿಗಳೂ ಬರುತ್ತವೆ. ಹೊರಡುವ ಮೊದಲು ಆ ವರ್ಷದ್ದನ್ನೇ ಓದಿಸಿ.

ಇನ್ನು ತೀರ್ಪು ಸರಿಯಿಲ್ಲ ಎನಿಸಿದರೆ ಮುಖ್ಯ ತೀರ್ಪುಗಾರರೊಂದಿಗೆ ಮಾತಾಡಬೇಕಾದವರು ರೋಬೋಟ್ ನಡೆಸಿದ ತಂಡದ ಮಕ್ಕಳೇ, ಅದೂ ವಿನಯದಿಂದ. ಪೋಷಕರಾಗಲಿ ನಾನಾಗಲಿ ನಡುವೆ ಬಾಯಿ ಹಾಕುವಂತಿಲ್ಲ. ಮೊಬೈಲಿನಲ್ಲಿ ತೆಗೆದ ವಿಡಿಯೋವನ್ನು ತೀರ್ಪುಗಾರರು ನೋಡುವುದೂ ಇಲ್ಲ. ಆದ್ದರಿಂದ ಮನೆಯಲ್ಲೇ ಮಕ್ಕಳಿಗೆ ಎರಡು ವಾಕ್ಯ ರೂಢಿಸಿ: ಯಾವ ಕ್ಷಣದಲ್ಲಿ ಏನಾಯಿತು, ಕೈಪಿಡಿಯ ಯಾವ ನಿಯಮ.