ಮಲೆನಾಡಿನ ಮಕ್ಕಳ ಬಚ್ಚಲುಮನೆಗೆ ಬಣ್ಣದ ಅಲಂಕಾರ

ಮಲೆನಾಡಿನಲ್ಲಿ ಮಕ್ಕಳ ಬಚ್ಚಲುಮನೆಗೆ ಹೊಸ ಬಣ್ಣ ಹಚ್ಚಲು ಹೊರಡುವವರು ಬಣ್ಣದ ಡಬ್ಬಿ ತೆರೆಯುವ ಮೊದಲು ಗೋಡೆಯ ತೇವವನ್ನು ಪರೀಕ್ಷಿಸಬೇಕು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಂತೂ ಮಳೆಗಾಲವಿಡೀ ಗೋಡೆ ಬೆವರುತ್ತಲೇ ಇರುತ್ತದೆ; ಹಂಡೆಯ ಬಿಸಿನೀರಿನ ಹಬೆಯೂ ಅದಕ್ಕೆ ಸೇರಿಕೊಳ್ಳುತ್ತದೆ. ಹೀಗಾಗಿ ಅಡಿಕೆ ಕೊಯ್ಲು ಮುಗಿದ ಮೇಲೆ, ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣ ದಿನಗಳಲ್ಲಿ ಈ ಕೆಲಸವನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ಹಗಲು, ಒಂದು ರಾತ್ರಿ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಗೋಡೆ ಇನ್ನೂ ಒಣಗಿಲ್ಲ ಎಂದೇ ಅರ್ಥ.

ಬೂಷ್ಟಿನ ಮೇಲೆಯೇ ಬಣ್ಣ ಬಳಿದರೆ ಅದು ಮುಂದಿನ ಮಳೆಗಾಲದಲ್ಲಿ ಮತ್ತೆ ಹೊರಗೆ ಬರುತ್ತದೆ. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬ್ಲೀಚಿಂಗ್ ಪುಡಿ ಕದಡಿ, ಕಲೆಯಿರುವಲ್ಲಿ ಹಚ್ಚಿ, ಕಾಲು ಗಂಟೆ ಬಿಟ್ಟು ತಿಕ್ಕಿ ತೊಳೆಯಿರಿ. ಕಿಟಕಿ ತೆರೆದಿರಲಿ, ಕೈಗೆ ಗವಸಿರಲಿ. ಇದನ್ನು ಶೌಚಾಲಯ ತೊಳೆಯುವ ಆಸಿಡ್‌ನೊಂದಿಗೆ ಎಂದಿಗೂ ಬೆರೆಸಬಾರದು, ಏಕೆಂದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಗೋಡೆ ಒಣಗಿದ ನಂತರ ಬಿರುಕುಗಳಿಗೆ ಬಿಳಿ ಸಿಮೆಂಟಿನ ಪುಟ್ಟಿ ತುಂಬಿ, ಉಪ್ಪುಕಾಗದದಿಂದ ಉಜ್ಜಿ, ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ತಳಲೇಪ) ಹಚ್ಚಬೇಕು. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯುಂಟು. ಅದನ್ನು ಒಣದಾಗಿ ಕೆರೆಯದೆ ನೀರು ಚಿಮುಕಿಸಿಕೊಂಡೇ ಉಜ್ಜಿ, ಆ ಹೊತ್ತಿನಲ್ಲಿ ಮಕ್ಕಳನ್ನು ಮನೆಯಿಂದ ಆಚೆ ಇರಿಸಿ. 2017ರ ನವೆಂಬರ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರುವಂತಿಲ್ಲವಾದ್ದರಿಂದ, ಕೊಳ್ಳುವಾಗ ಡಬ್ಬಿಯ ಮೇಲಿನ ಬರಹವನ್ನು ಓದಿ ನೋಡಿ.

ನನ್ನ ಮಟ್ಟಿಗೆ ಮಕ್ಕಳ ಬಚ್ಚಲಿಗೆ ಎಲ್ಲಕ್ಕಿಂತ ಒಪ್ಪುವುದು ಒತ್ತುಬಣ್ಣ, ಅಂದರೆ ಬಣ್ಣದಲ್ಲಿ ಅದ್ದಿದ ಸ್ಪಂಜಿನಂತಹದನ್ನು ಗೋಡೆಗೆ ಒತ್ತಿ ಗುರುತು ಮೂಡಿಸುವುದು. ಅದಕ್ಕೆ ಅಂಗಡಿಯ ಸ್ಪಂಜು ಬೇಕಿಲ್ಲ. ಮೈ ಉಜ್ಜಲು ಒಣಗಿಸಿಟ್ಟ ಹೀರೇಕಾಯಿಯ ನಾರೇ ಸಾಕು, ಅದರ ಜಾಲರಿಯಂತಹ ಗುರುತು ಗೋಡೆಯ ಮೇಲೆ ಬಹಳ ಚೆನ್ನಾಗಿ ಮೂಡುತ್ತದೆ. ಮೊದಲು ತಿಳಿ ಬಣ್ಣದ ಅಕ್ರಿಲಿಕ್ ಎಮಲ್ಷನ್ (ನೀರು ಆಧಾರಿತ ಗೋಡೆ ಬಣ್ಣ) ಎರಡು ಕೋಟ್ ಹಚ್ಚಿ ಒಂದು ದಿನ ಒಣಗಲು ಬಿಡಿ. ಅದೇ ಬಣ್ಣದ ಇನ್ನೊಂದು ಗಾಢ ಛಾಯೆಯನ್ನು ತಟ್ಟೆಯಲ್ಲಿ ತುಸು ನೀರು ಬೆರೆಸಿ ಇಟ್ಟುಕೊಂಡು, ನಾರನ್ನು ನೆನೆಸಿ ಗಟ್ಟಿಯಾಗಿ ಹಿಂಡಿ, ಬಣ್ಣದಲ್ಲಿ ಅದ್ದಿ, ಹಳೆಯ ಪತ್ರಿಕೆಯ ಮೇಲೆ ಒಮ್ಮೆ ಒತ್ತಿ ಹೆಚ್ಚಿನದನ್ನು ತೆಗೆದ ಮೇಲೆಯೇ ಗೋಡೆಗೆ ಮೆಲ್ಲಗೆ ಒತ್ತಬೇಕು. ಪ್ರತಿ ಸಲವೂ ಮಣಿಕಟ್ಟನ್ನು ಸ್ವಲ್ಪ ತಿರುಗಿಸದಿದ್ದರೆ ಒಂದೇ ಗುರುತು ಸಾಲುಗಟ್ಟಿ ಕಾಣುತ್ತದೆ. ಮೂಲೆಗಳಿಗೆ ನಾರಿನ ಸಣ್ಣ ತುಂಡು ಕತ್ತರಿಸಿಕೊಳ್ಳಿ. ಇಂತಹ ಗೋಡೆಯಲ್ಲಿ ಒದ್ದೆ ಕೈಯ ಗುರುತು ಎದ್ದು ಕಾಣುವುದಿಲ್ಲ, ಅಲ್ಲಲ್ಲಿ ತೇಪೆ ಹಚ್ಚಿದರೂ ತಿಳಿಯುವುದಿಲ್ಲ.

ಮಕ್ಕಳ ಕಣ್ಣಿನ ಎತ್ತರದಲ್ಲಿ, ನೆಲದಿಂದ ಮೂರಡಿಯ ಸುಮಾರಿಗೆ, ಒಂದು ಚಿತ್ತಾರದ ಪಟ್ಟಿಯನ್ನು ಎಳೆಯಬಹುದು. ಸಾಗರ, ಸೊರಬ ಕಡೆಯ ದೀವರ ಸಮುದಾಯದ ಹೆಂಗಸರು ಮದುವೆಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರದಲ್ಲಿ ಕೆಮ್ಮಣ್ಣಿನ ನೆಲದ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳಿರುತ್ತವೆ. ಪುಂಡಿ ನಾರೇ ಅದರ ಕುಂಚ. ಅಕ್ಕಿಹಿಟ್ಟು ಬಚ್ಚಲಿನ ನೀರಿಗೆ ನಿಲ್ಲದಾದ್ದರಿಂದ ಇಲ್ಲಿ ಕೆಮ್ಮಣ್ಣಿನ ಬಣ್ಣದ ಎಮಲ್ಷನ್ ಹಾಗೂ ಬಿಳಿಯ ಬಣ್ಣ ಬೇಕು. ಹಸೆಗೋಡೆಯ ಪೂರ್ಣ ಚಿತ್ತಾರಕ್ಕೆ ಅದರದೇ ಆದ ಗೌರವದ ಜಾಗವಿದೆ. ಬಚ್ಚಲಿಗೆ ಅದರ ಸರಳ ಗೆರೆ, ತ್ರಿಕೋನಗಳಷ್ಟೇ ಸಾಕೆಂದು ನನ್ನ ಅಭಿಪ್ರಾಯ. ಮೀನು, ಎಲೆಗಳ ಆಕಾರ ಬೇಕೆಂದರೆ ಹಳೆಯ ಎಕ್ಸ್‌ರೇ ಹಾಳೆಯಲ್ಲಿ ಅಚ್ಚು ಕತ್ತರಿಸಿ, ಬಹುಮಟ್ಟಿಗೆ ಒಣಗಿದ ಕುಂಚದಿಂದ ತಟ್ಟಿ. ಕುಂಚ ತೊಯ್ದಿದ್ದರೆ ಬಣ್ಣ ಅಚ್ಚಿನ ಅಡಿಗೆ ಇಳಿದು ಅಂಚು ಕೆಡುತ್ತದೆ.

ನೀರು ನೇರವಾಗಿ ಬೀಳುವ ಜಾಗದಲ್ಲಿ ಯಾವ ಬಣ್ಣವೂ ಬಾಳುವುದಿಲ್ಲ, ಅಲ್ಲಿ ಟೈಲ್ಸೇ ಇರಲಿ. ಉಳಿದ ಅಲಂಕಾರದ ಮೇಲೆ ನೀರು ಆಧಾರಿತ ಪಾರದರ್ಶಕ ವಾರ್ನಿಷ್ ಎರಡು ಕೋಟ್ ಹಚ್ಚಿ, ಒಂದು ವಾರ ಬಿಸಿನೀರಿನ ಸ್ನಾನವನ್ನು ಬೇರೆಡೆ ಮಾಡಿಸಿ. ಗೋಡೆಗೆ ಬಳಸಿ ಉಳಿದ ತಿಳಿ, ಗಾಢ ಎರಡೂ ಬಣ್ಣಗಳನ್ನು ಸಣ್ಣ ಬಾಟಲಿಗಳಲ್ಲಿ ಗಾಳಿಯಾಡದಂತೆ ಮುಚ್ಚಿ ಎತ್ತಿಡಿ; ಮುಂದಿನ ಬೇಸಿಗೆಯಲ್ಲಿ ತೇಪೆ ಹಚ್ಚಲು ಅವು ಬೇಕಾಗುತ್ತವೆ.