ಉಪ್ಪು ಬಿಡುವ ಮೊದಲು ಗುಳಿಗೆ ಡಬ್ಬಿ ತೆಗೆಯಿರಿ

ಡಾಕ್ಟರ್ ‘ಉಪ್ಪು ಕಮ್ಮಿ ಮಾಡ್ರಿ’ ಅಂದರೆ ಕೆಲವರು ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ, ಇನ್ನು ಕೆಲವರು ಅವತ್ತೇ ಪೂರ್ತಿ ಸಪ್ಪೆ ಊಟಕ್ಕೆ ಇಳಿಯುತ್ತಾರೆ. ಗುಳಿಗೆ ನುಂಗುವವರಿಗೆ ಎರಡೂ ತೊಂದರೆಯೇ.

ಮೊದಲು ಗುಳಿಗೆಯ ಶೀಟ್ ತಿರುಗಿಸಿ ಓದಿ. ದೊಡ್ಡಕ್ಷರದ ಕಂಪನಿ ಹೆಸರು ಬೇಡ, ಸಣ್ಣಕ್ಷರದಲ್ಲಿರುವ ಔಷಧದ ಹೆಸರು ಬರೆದುಕೊಳ್ಳಿ. ಬಿಪಿಯ ಒಂದೇ ಗುಳಿಗೆಯಲ್ಲಿ ‘ಟೆಲ್ಮಿಸಾರ್ಟನ್ 40 ಮಿ.ಗ್ರಾಂ, ಹೈಡ್ರೊಕ್ಲೋರೊಥಯಜೈಡ್ 12.5 ಮಿ.ಗ್ರಾಂ’ ಅಂತ ಎರಡು ಔಷಧ ಇರಬಹುದು. ಎರಡನೆಯದು ಮೂತ್ರದ ಜೊತೆ ಉಪ್ಪನ್ನೂ ಹೊರಗೆ ಕಳಿಸುತ್ತದೆ.

ಆಮೇಲೆ ಅಡುಗೆಮನೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದ ಒಳಗೆ. ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಜೋಳದ ರೊಟ್ಟಿಗೆ ಸಾಮಾನ್ಯವಾಗಿ ಉಪ್ಪು ಹಾಕುವುದಿಲ್ಲ. ಉಪ್ಪು ಇರುವುದು ಪಕ್ಕದಲ್ಲಿ: ಶೇಂಗಾ ಹಿಂಡಿ, ರಂಜಕ, ಉಪ್ಪಿನಕಾಯಿ, ಹಪ್ಪಳ. ಸಂಜೆಯ ಮಿರ್ಚಿಯಲ್ಲಿರುವ ಅಡುಗೆ ಸೋಡಾದಲ್ಲೂ ಸೋಡಿಯಂ, ಅಂದರೆ ಉಪ್ಪಿನಲ್ಲಿ ಬಿಪಿ ಏರಿಸುವ ಅಂಶ, ಉಂಟು. ಇವನ್ನು ಸ್ವಲ್ಪಸ್ವಲ್ಪವಾಗಿ ಇಳಿಸಿ. ಉಪ್ಪು ಇಳಿದ ಹಾಗೆ ಬಿಪಿ ಗುಳಿಗೆಯ ಕೆಲಸ ಜೋರಾಗುತ್ತದೆ, ಎದ್ದು ನಿಂತರೆ ತಲೆ ತಿರುಗಬಹುದು. ಬಿಪಿ ನೋಡಿ ಬರೆದಿಡಿ, ಡಾಕ್ಟರಿಗೆ ತೋರಿಸಿ. ಡೋಸ್ ಇಳಿಸುವುದು ಅವರ ಕೆಲಸ, ನೀವೇ ಅರ್ಧ ಮುರಿದು ನುಂಗಬೇಡಿ.

ಈಗ ನಿಜವಾಗಿ ಹುಷಾರಾಗಿರಬೇಕಾದ ಜಾಗ: ಅಂಗಡಿಯ ‘ಕಡಿಮೆ ಸೋಡಿಯಂ ಉಪ್ಪು’. ಪ್ಯಾಕೆಟ್ ಹಿಂದೆ ನೋಡಿ, ಬಹಳಷ್ಟರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆತಿರುತ್ತದೆ. ಕಿಡ್ನಿ ಸರಿಯಿದ್ದರೆ ಹೆಚ್ಚಾದ ಪೊಟ್ಯಾಸಿಯಂ ಮೂತ್ರದಲ್ಲಿ ಹೋಗುತ್ತದೆ. ಆದರೆ ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಎನಲಾಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಇವೆಲ್ಲ ಅದನ್ನು ಮೈಯಲ್ಲೇ ಉಳಿಸುವ ಔಷಧಗಳು. ಎರಡೂ ಸೇರಿ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು, ಅದೂ ಎಷ್ಟೋ ಸಲ ಯಾವ ಸುಳಿವೂ ಕೊಡದೆ. ಶುಗರ್ ಹಳೆಯದಾಗಿದ್ದರೆ, ಕಿಡ್ನಿ ಸೋತಿದ್ದರೆ ಅಪಾಯ ಇನ್ನೂ ಜಾಸ್ತಿ. ಡಾಕ್ಟರನ್ನು ಕೇಳದೆ ಆ ಪ್ಯಾಕೆಟ್ ತರಬೇಡಿ. ಸೈಂಧವ ಲವಣ ತಂದರಾಯ್ತು ಅಂತೀರಾ? ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ, ರೇಟು ಮಾತ್ರ ಜಾಸ್ತಿ.

ಮನಸ್ಸಿನ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರು ಉಪ್ಪನ್ನು ತಟ್ಟನೆ ಇಳಿಸಲೇಬಾರದು. ಸೋಡಿಯಂ ಕಡಿಮೆಯಾದರೆ ಕಿಡ್ನಿ ಲಿಥಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದೇ ಡೋಸ್ ವಿಷವಾಗುತ್ತದೆ. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ನಡೆಯುವಾಗ ತೂರಾಡುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ.

ನೀರಲ್ಲಿ ಬುಸ್ ಅಂತ ಕರಗುವ ಗುಳಿಗೆ, ಗ್ಯಾಸಿನ ಪುಡಿಗಳಲ್ಲಿ ಸೋಡಿಯಂ ಸಾಕಷ್ಟಿರುತ್ತದೆ. ಮೊಣಕಾಲು ನೋವಿಗೆ ಸುಮ್ನೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೈಯಲ್ಲಿ ಉಪ್ಪು, ನೀರು ಎರಡನ್ನೂ ನಿಲ್ಲಿಸುತ್ತವೆ. ಸಪ್ಪೆ ಉಂಡಿದ್ದು ಅಲ್ಲಿಗೆ ವ್ಯರ್ಥ, ಅಲ್ವಾ?

ಇನ್ನು ನಮ್ಮ ಏಪ್ರಿಲ್, ಮೇ ಬಿಸಿಲು. ಮೂತ್ರ ಹೋಗುವ ಗುಳಿಗೆ, ಸಪ್ಪೆ ಊಟ, ಹೊಲದ ಬೆವರು ಮೂರೂ ಸೇರಿದರೆ ವಯಸ್ಸಾದವರಲ್ಲಿ ಸೋಡಿಯಂ ಕುಸಿದು ಸುಸ್ತು, ಗೊಂದಲ ಶುರುವಾಗುತ್ತದೆ. ವಾಂತಿ ಭೇದಿ ಆದ ದಿನ ಯಾವ ಗುಳಿಗೆ ನಿಲ್ಲಿಸಬೇಕು, ಓಆರ್‌ಎಸ್ ಕುಡಿಯಬಹುದೇ ಅನ್ನುವುದನ್ನು ಬೇಸಿಗೆಗೆ ಮೊದಲೇ ಡಾಕ್ಟರಿಗೆ ಕೇಳಿ ಬರೆಸಿಕೊಳ್ಳಿ. ಡಾಕ್ಟರ್ ಹತ್ತಿರ ಹೋದ ಆ ದಿನವೇ ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವುದು) ಪರೀಕ್ಷೆಗೆ ರಕ್ತ ಕೊಟ್ಟು ಬನ್ನಿ.