ಡ್ರಿಪ್ ಸಬ್ಸಿಡಿ ಬೇಕಾ? ಪೈಪು ಎಳೆಯುವ ಮೊದಲು ಇದನ್ನು ಓದಿ

ಅಮೆರಿಕದ ಕೆಲವು ರಾಜ್ಯಗಳಲ್ಲಿ ರೈತರು ಡ್ರಿಪ್‌ನಂಥ (ಹನಿ ನೀರಾವರಿ) ನೀರು ಉಳಿಸುವ ವ್ಯವಸ್ಥೆಗೆ ಹಾಕಿದ ದುಡ್ಡಿನಲ್ಲಿ ಒಂದು ಪಾಲನ್ನು ತಾವು ಕಟ್ಟಬೇಕಾದ ರಾಜ್ಯದ ಆದಾಯ ತೆರಿಗೆಯಿಂದ ಕಡಿತ ಮಾಡಿಸಿಕೊಂಡದ್ದುಂಟು. ನಮ್ಮಲ್ಲಿ ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯೇ ಇಲ್ಲ. ಇಲ್ಲದ ತೆರಿಗೆಯಲ್ಲಿ ಕಳೆಯುವುದು ಏನನ್ನು? ಹಾಗಾಗಿ ಇಲ್ಲಿ ನೆರವು ಬರುವುದು ಸಬ್ಸಿಡಿ ರೂಪದಲ್ಲಿ.

ಕೇಂದ್ರದ ‘ಪರ್ ಡ್ರಾಪ್ ಮೋರ್ ಕ್ರಾಪ್’ ಯೋಜನೆ 2015-16ರಿಂದ ಇದೆ. ಇದರ ಪ್ರಕಾರ ಸಣ್ಣ ಮತ್ತು ಅತಿಸಣ್ಣ ರೈತರಿಗೆ ಶೇ 55, ಉಳಿದವರಿಗೆ ಶೇ 45 ಸಹಾಯಧನ. ಕರ್ನಾಟಕ ಸರ್ಕಾರ ಅದರ ಮೇಲೆ ಇನ್ನಷ್ಟು ಸೇರಿಸುತ್ತದೆ. ಹಾಗಾಗಿ 2 ಹೆಕ್ಟೇರ್‌ವರೆಗೆ, ಅಂದರೆ ಸುಮಾರು 5 ಎಕರೆಗೆ, ಶೇ 90ರವರೆಗೂ ಸಿಗುತ್ತದೆ. ನಿಮ್ಮ ವರ್ಗಕ್ಕೆ ಈ ವರ್ಷ ಎಷ್ಟು ಎಂದು ಕಚೇರಿಯಲ್ಲೇ ಕೇಳಿಕೊಳ್ಳಿ, ಡೀಲರ್ ಬಾಯಿಮಾತು ಸಾಲದು.

ಮೊದಲು ಯಾವ ಕಚೇರಿಗೆ ಹೋಗಬೇಕು? ಅದನ್ನು ನಿರ್ಧರಿಸುವುದು ಬೆಳೆ. ಅಡಿಕೆ, ಬಾಳೆ, ಮಾವು, ತರಕಾರಿಗೆ ತೋಟಗಾರಿಕೆ ಇಲಾಖೆ. ಕಬ್ಬು, ಮುಸುಕಿನ ಜೋಳಕ್ಕೆ ರೈತ ಸಂಪರ್ಕ ಕೇಂದ್ರ. ಹಿಪ್ಪುನೇರಳೆಗೆ ರೇಷ್ಮೆ ಇಲಾಖೆ.

ಇನ್ನು ಕಾಗದಪತ್ರ. ರೈತರ ವಿವರ ದಾಖಲಿಸುವ ಸರ್ಕಾರದ ‘ಫ್ರೂಟ್ಸ್’ ತಂತ್ರಾಂಶದಲ್ಲಿ ನೋಂದಣಿ ಆಗಿ ಎಫ್‌ಐಡಿ, ಅಂದರೆ ರೈತರ ಗುರುತಿನ ನಂಬರ್ ಬಂದಿರಬೇಕು. ಡ್ರಿಪ್ ಹಾಕುವ ಸರ್ವೆ ನಂಬರ್ ಆ ಎಫ್‌ಐಡಿಯಲ್ಲಿ ಸೇರಿದೆಯಾ ನೋಡಿ. ಬಹಳ ಜನ ಇಲ್ಲೇ ಎಡವುತ್ತಾರೆ. ಪಹಣಿ, ಆಧಾರ್, ಪಾಸ್‌ಬುಕ್, ಫೋಟೊ, ಬೋರ್‌ವೆಲ್ ಅಥವಾ ಬಾವಿ ಇರುವುದಕ್ಕೆ ದಾಖಲೆ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಜಾತಿ ಪ್ರಮಾಣಪತ್ರವೂ ಬೇಕು. ಮಣ್ಣು, ನೀರಿನ ಪರೀಕ್ಷೆ ವರದಿಯನ್ನೂ ಕೇಳಬಹುದು. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದ್ದರೆ ಮೊದಲು ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸಿಕೊಳ್ಳಿ. ಜಂಟಿ ಖಾತೆಯಾದರೆ ಉಳಿದವರ ಒಪ್ಪಿಗೆ ಪತ್ರ ಬೇಕು. ಅಣ್ಣತಮ್ಮಂದಿರು ಮಾತಾಡುತ್ತಿರುವಾಗಲೇ ಸಹಿ ಹಾಕಿಸಿಕೊಂಡುಬಿಡಿ!

ಈಗ ದುಡ್ಡಿನ ವಿಷಯ. ಶೇ 90 ಎಂದರೆ ನಿಮ್ಮ ಬಿಲ್ಲಿನ ಶೇ 90 ಅಲ್ಲ. ಇಲಾಖೆ ಒಂದು ಘಟಕ ವೆಚ್ಚ ಗೊತ್ತು ಮಾಡಿರುತ್ತದೆ, ಸಬ್ಸಿಡಿ ಅದರ ಮೇಲೆ. ಲೆಕ್ಕಕ್ಕೆ ಹೇಳುವುದಾದರೆ, ನಿಮ್ಮ ಜಮೀನಿಗೆ ಘಟಕ ವೆಚ್ಚ 1 ಲಕ್ಷ ರೂಪಾಯಿ, ಡೀಲರ್ ಕೊಟೇಷನ್ 1.25 ಲಕ್ಷ ಎಂದುಕೊಳ್ಳಿ. ಸಬ್ಸಿಡಿ 90 ಸಾವಿರ. ನಿಮ್ಮ ಕೈಯಿಂದ ಹೋಗುವುದು 10 ಸಾವಿರ ಅಲ್ಲ, 35 ಸಾವಿರ. ಹತ್ತು ಪರ್ಸೆಂಟ್ ಕಟ್ಟಿದರೆ ಸಾಕು ಅಂತ ಹೋದವರು ಕೊನೆಗೆ ಜಗಳಕ್ಕೆ ನಿಲ್ಲುವುದು ಇದಕ್ಕೇ.

ಘಟಕ ವೆಚ್ಚ ಎಲ್ಲ ಬೆಳೆಗೂ ಒಂದೇ ಅಲ್ಲ. ಅದು ಸಾಲಿನ ಅಂತರ ನೋಡಿ ಬದಲಾಗುತ್ತದೆ. ತೆಂಗಿಗೆ ಲೈನು ದೂರ ದೂರ, ಪೈಪು ಕಮ್ಮಿ, ವೆಚ್ಚವೂ ಕಮ್ಮಿ. ತರಕಾರಿಗೆ ಲೈನು ಒತ್ತೊತ್ತಾಗಿ ಬರುತ್ತವೆ, ವೆಚ್ಚ ಜಾಸ್ತಿ. ಅಡಿಕೆ ಮಧ್ಯೆ ಬಾಳೆ ಇಡುವ ಯೋಚನೆ ಇದ್ದರೆ ಅಳತೆಗೆ ಬಂದಾಗಲೇ ಹೇಳಿ. ಆಮೇಲೆ ಎಳೆದ ಲೈನಿನ ಖರ್ಚು ನಿಮ್ಮದೇ. ಕೊಟೇಷನ್ನಲ್ಲಿ ಜಿಎಸ್‌ಟಿಯನ್ನೂ ನೋಡಿ. 2025ರ ಸೆಪ್ಟೆಂಬರ್ 22ರಿಂದ ಡ್ರಿಪ್ ವ್ಯವಸ್ಥೆಗೆ ಅದು ಶೇ 12ರಿಂದ ಶೇ 5ಕ್ಕೆ ಇಳಿದಿದೆ.

ಡ್ರಿಪ್ ಕಂಪನಿ ಇಲಾಖೆಯ ಪಟ್ಟಿಯಲ್ಲಿ ಇರಬೇಕು. ಲ್ಯಾಟರಲ್ (ಸಾಲಿನುದ್ದಕ್ಕೂ ಎಳೆಯುವ) ಪೈಪಿನ ಮೇಲೆ ಐಎಸ್ 12786, ಡ್ರಿಪ್ಪರ್ ಒಳಗೇ ಇರುವ ಇನ್‌ಲೈನ್ ಪೈಪಾದರೆ ಐಎಸ್ 13488 ಎಂಬ ಗುಣಮಟ್ಟದ ಸಂಖ್ಯೆ ಅಚ್ಚಾಗಿರುತ್ತದೆ. ಅಂಗಳದಲ್ಲಿ ಸುರುಳಿ ಇಳಿಸುವಾಗಲೇ ನೋಡಿಬಿಡಿ.

ಅರ್ಜಿ ಕೊಟ್ಟ ಮೇಲೆ ಕಾರ್ಯಾದೇಶ, ಅಂದರೆ ಕೆಲಸ ಶುರುಮಾಡಿ ಎಂಬ ಇಲಾಖೆಯ ಆದೇಶ ಬರುವವರೆಗೆ ಕಾಯಿರಿ. ನಾಟಿಗೆ ಹೊತ್ತಾಯಿತು ಅಂತ ಮೊದಲೇ ಪೈಪು ಎಳೆದು, ಆಮೇಲೆ ಫೈಲು ಹಿಡಿದು ಓಡಾಡಿದವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ವರ್ಷದ ಅನುದಾನ ಮುಗಿದರೆ ಅರ್ಜಿ ಮುಂದಿನ ವರ್ಷಕ್ಕೆ ಹೋಗುವುದೂ ಉಂಟು. ಅದಕ್ಕೇ ಹೊಸ ಆರ್ಥಿಕ ವರ್ಷ ಶುರುವಾದ ಕೂಡಲೇ ವಿಚಾರಿಸುವುದು ಜಾಣತನ.

ಅಳವಡಿಸಿದ ಮೇಲೆ ಅಧಿಕಾರಿಗಳು ಬಂದು ನೋಡಿ, ಜಿಪಿಎಸ್ ಫೋಟೊ ತೆಗೆಯುತ್ತಾರೆ. ಅದಕ್ಕೂ ಮೊದಲು ನೀವೇ ಮೋಟರ್ ಹಾಕಿ ಕೊನೆಯ ಸಾಲಿನವರೆಗೆ ನಡೆದು ನೋಡಿ. ತುದಿಯ ಡ್ರಿಪ್ಪರ್‌ನಲ್ಲೂ ನೀರು ತೊಟ್ಟಿಕ್ಕುತ್ತಿದೆಯಾ? ಬಿಲ್ಲಿನಲ್ಲಿ ಬರೆದಷ್ಟು ಮೀಟರ್ ಪೈಪು ನಿಜವಾಗಿ ನೆಲದ ಮೇಲಿದೆಯಾ? ಫಿಲ್ಟರ್ ಕೂರಿಸಿದ್ದಾರಾ? ಇಷ್ಟು ನೋಡದೆ ‘ತೃಪ್ತಿಯಾಗಿದೆ’ ಎಂಬ ಪತ್ರಕ್ಕೆ ಸಹಿ ಬೇಡ.

ಹಣ ನಿಮ್ಮ ಖಾತೆಗೆ ಬರಬೇಕಾದರೆ ಆಧಾರ್ ಜೋಡಣೆ ಆಗಿರಬೇಕು. ನಿಮ್ಮ ಪಾಲು ಮಾತ್ರ ಕಟ್ಟಿ ಉಳಿದದ್ದನ್ನು ಕಂಪನಿಗೇ ಬಿಡುವುದಾದರೆ ಒಪ್ಪಿಗೆ ಪತ್ರ ಕೇಳುತ್ತಾರೆ. ಖಾಲಿ ಹಾಳೆಗೆ ಮಾತ್ರ ಸಹಿ ಹಾಕಬೇಡಿ.

ಅದೇ ಜಮೀನಿಗೆ ಮತ್ತೆ ಸಬ್ಸಿಡಿ ಕೇಳಲು 7 ವರ್ಷ ಆಗಬೇಕು. ಅಲ್ಲಿಯವರೆಗೆ ಇಲಿ, ಅಳಿಲು ಕಡಿದ ಪೈಪಿಗೆ ಜಾಯಿಂಟರ್ ಹಾಕಿಕೊಳ್ಳುವುದು ನಿಮ್ಮ ಖರ್ಚಿನಲ್ಲೇ.